ವೇಬ್ರಿಡ್ಜ್‌ನಿಂದಲೇ ಶುರು ಮಾಡಿ

ನಮಸ್ಕಾರ,

ಸಿ++ ಕೋಡ್ ಒಳಗೆ ಡಾಟ್‌ನೆಟ್ ಆಬ್ಜೆಕ್ಟ್ ಬಳಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲು ಮನಸ್ಸೂ ಇಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಬರೀ ಚರಿತ್ರೆ. ಸಿ++ ಮತ್ತು ಡಾಟ್‌ನೆಟ್ ಕೋಡನ್ನು ಬೆಸೆಯುವ ಸಿ++/ಸಿಎಲ್‌ಐ 2005ರಲ್ಲಿ ಬಂತು ಅಂದರೆ ಸಾಕು. ಐದನೇ ಪ್ಯಾರಾದಲ್ಲಿ ಮಂಡ್ಯದ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಬರುತ್ತದಲ್ಲ, ಅಲ್ಲಿಂದ ಶುರು ಮಾಡಿ. ತೂಕ ಓದುವುದು ಹಳೇ ಸಿ++ ಕ್ಲಾಸ್, ಚೀಟಿ ಬರೆಯುವುದು ಹೊಸ ಸಿ ಶಾರ್ಪ್ ಕೋಡ್. ಆ ಹಳೇ ಕ್ಲಾಸಿನೊಳಗೆ ಚೀಟಿ ಆಬ್ಜೆಕ್ಟಿನ ಹ್ಯಾಂಡಲ್ (ಅದು ಎಲ್ಲಿದೆ ಅಂತ ತೋರಿಸುವ ಗುರುತು) ಇಡಲು ಹೋದಿರಿ, ಕಂಪೈಲರ್ ಸಿ3265 ಎರರ್ ಕೊಟ್ಟಿತು. ಆಮೇಲೆ ‘ಜಿಸಿರೂಟ್ ಬಳಸಬೇಕು’ ಅಂತ ಬರೆದು ಮುಂದೆ ಹೋಗಿಬಿಟ್ಟಿರಿ. ಅದು ಹ್ಯಾಂಡಲನ್ನು ಸುತ್ತಿಡುವ ಸಿ++ ಕ್ಲಾಸ್, ಸರಿ. ಯಾಕೆ ಬೇಕು ಅಂತ ಹೇಳಬೇಡವಾ?

ಡಾಟ್‌ನೆಟ್‌ನಲ್ಲಿ ಬೇಡದ ಆಬ್ಜೆಕ್ಟ್‌ಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್, ಮೆಮೊರಿಯ ಖಾಲಿ ಜಾಗ ಒತ್ತಟ್ಟಿಗೆ ಮಾಡುವಾಗ ಆಬ್ಜೆಕ್ಟ್‌ಗಳನ್ನು ಎತ್ತಿ ಬೇರೆ ಕಡೆ ಇಡುತ್ತದೆ. ತನಗೆ ಗೊತ್ತಿರುವ ವಿಳಾಸಗಳನ್ನೆಲ್ಲ ತಾನೇ ತಿದ್ದುತ್ತದೆ. ನೇಟಿವ್ ಕ್ಲಾಸಿನೊಳಗೆ, ಅಂದರೆ ಡಾಟ್‌ನೆಟ್ ಹಿಡಿತದಲ್ಲಿಲ್ಲದ ಹಳೇ ಸಿ++ ಕ್ಲಾಸಿನೊಳಗೆ, ಅದು ಇಣುಕುವುದೇ ಇಲ್ಲ. ಹಾಗಾಗಿ ಅಲ್ಲಿ ಇಟ್ಟ ವಿಳಾಸ ತಿದ್ದದೇ ಉಳಿಯುತ್ತದೆ. ಚಾಮುಂಡಿ ಬೆಟ್ಟದಲ್ಲಿ ಚಪ್ಪಲಿ ಬಿಟ್ಟು ಟೋಕನ್ ತೊಗೋತೀವಲ್ವಾ, ಹಾಗೆ ಯೋಚಿಸಿ. ಅಲ್ಲಿಯವರು ಚಪ್ಪಲಿಯನ್ನು ಯಾವ ಗೂಡಿಗೆ ಸರಿಸಿದರೂ ಟೋಕನ್ ಕೊಟ್ಟರೆ ನಮ್ಮ ಜೋಡಿಯೇ ಸಿಗುತ್ತದೆ. ಜಿಸಿರೂಟ್ ಒಳಗಿರುವ ಜಿಸಿಹ್ಯಾಂಡಲ್ ಅಂಥ ಟೋಕನ್. ಅದು ಇರುವಷ್ಟು ಹೊತ್ತು ಆಬ್ಜೆಕ್ಟನ್ನು ಯಾರೂ ಕಸ ಅಂತ ಎಸೆಯುವುದಿಲ್ಲ.

ಇದನ್ನು ಬಿಟ್ಟಿದ್ದರಿಂದಲೇ ತಪ್ಪೊಂದು ನುಸುಳಿದೆ. ‘ಜಿಸಿರೂಟ್ ಆಬ್ಜೆಕ್ಟನ್ನು ಅಲುಗಾಡದಂತೆ ಹಿಡಿಯುತ್ತದೆ’ ಎಂದಿದ್ದೀರಿ. ಇಲ್ಲ, ಅದು ಪಿನ್_ಪಿಟಿಆರ್ ಕೆಲಸ. ಅದನ್ನು ಕ್ಲಾಸ್ ಮೆಂಬರ್ ಮಾಡಲು ಬರುವುದಿಲ್ಲ, ಫಂಕ್ಷನ್ ಒಳಗಿನ ಲೋಕಲ್ ವೇರಿಯಬಲ್ ಆಗಿ ಮಾತ್ರ ಇರಬೇಕು. ಅದರಿಂದ ಹಿಡಿದ ಬೈಟ್ ಅರೇಯನ್ನು ನೇಟಿವ್ ಫಂಕ್ಷನ್‌ಗೆ ಕೊಟ್ಟು, ಕೆಲಸ ಮುಗಿದ ತಕ್ಷಣ ಬಿಡಬೇಕು. ಸುಮ್ನೆ ಹಿಡಿದುಕೊಂಡೇ ಇದ್ದರೆ ಕಲೆಕ್ಟರ್‌ಗೆ ಅದನ್ನು ಸರಿಸಲು ಆಗದೆ ಹೀಪ್‌ನಲ್ಲಿ (ಆಬ್ಜೆಕ್ಟ್‌ಗಳು ಇರುವ ಮೆಮೊರಿ) ಅಲ್ಲಲ್ಲಿ ಖಾಲಿ ಜಾಗ ಉಳಿಯುತ್ತದೆ.

ಇನ್ನೊಂದು. ಜಿಸಿರೂಟ್ ಹೋದರೆ ಚೀಟಿಯ ಫೈಲ್ ತಾನಾಗಿ ಮುಚ್ಚುತ್ತದೆ ಎಂದು ನಂಬಿದ್ದೀರಿ. ಅದು ಟೋಕನ್ ಮಾತ್ರ ಬಿಡುತ್ತದೆ, ಫೈಲ್ ಮುಚ್ಚಿಸುವ ಡಿಸ್ಪೋಸ್ ಫಂಕ್ಷನ್ ಕರೆಯುವುದಿಲ್ಲ. ಅದನ್ನೂ ಕರೆಯಲು ಆಟೋ_ಜಿಸಿರೂಟ್ ಇದೆ.

‘ನಿರ್ವಹಿತ ವಸ್ತು’, ‘ಸ್ಮೃತಿ ವಿನಿಯೋಗ’ ಬೇಡ. ಆಫೀಸಿನಲ್ಲಿ ಪಕ್ಕದವರಿಗೆ ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ. ಮ್ಯಾನೇಜ್ಡ್ ಆಬ್ಜೆಕ್ಟ್ ಅಂದರೆ ಎಲ್ಲರಿಗೂ ಗೊತ್ತು.

ಮೂರನೇ ಪುಟದ ಕೋಡನ್ನು ಮೈಸೂರಿನಲ್ಲಿ ಕೂತು ನಾನೇ ಓಡಿಸಿ ನೋಡಿದೆ, ಕಂಪೈಲ್ ಆಗಲಿಲ್ಲ. ಜಿಸಿರೂಟ್ ಇರುವ ವಿಸಿಸಿಎಲ್‌ಆರ್ ಹೆಡರ್ ಫೈಲ್ ಸೇರಿಸಿಲ್ಲ. ಅದನ್ನು ಹಾಕಿ, ವೇಬ್ರಿಡ್ಜ್ ಮೊದಲಿಗೆ ತಂದು, ಇನ್ನೊಮ್ಮೆ ಕಳಿಸಿ. ಕಾಯುತ್ತಿರುತ್ತೇನೆ.