ತಾತನ ಟಾಕೀಸು ಮತ್ತೆ ತೆರೆಯಬಹುದಾ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ. ತಾತ 1960ರ ದಶಕದಲ್ಲಿ ಕಟ್ಟಿಸಿದ ಟಾಕೀಸು ಇದೆ, 640 ಸೀಟು, ಬಸ್ ಸ್ಟ್ಯಾಂಡಿಗೆ ಐದು ನಿಮಿಷದ ನಡಿಗೆ. 2020ರಲ್ಲಿ ಕೊರೊನಾಗೆ ಮುಚ್ಚಿದ್ದು ಇನ್ನೂ ತೆರೆದಿಲ್ಲ. ಅಣ್ಣಂದಿರು ಕಲ್ಯಾಣ ಮಂಟಪ ಮಾಡೋಣ ಅನ್ನುತ್ತಾರೆ. ನನಗೆ ಸಿನಿಮಾನೇ ನಡೆಸಬೇಕು ಅಂತ ಆಸೆ. ಆಗುತ್ತಾ?

ಉತ್ತರ: ಆಗುತ್ತದೆ. ಆದರೆ 640 ಸೀಟಿನ ಲೆಕ್ಕ ಮೊದಲು ತಲೆಯಿಂದ ತೆಗೆಯಿರಿ. ಇಪ್ಪತ್ತೈದು ವರ್ಷ ಒಂದು ಹಳೇ ಟಾಕೀಸಿನ ಬುಕಿಂಗ್ ಕಿಂಡಿಯಲ್ಲಿ ಕೂತವನಾಗಿ ಹೇಳುತ್ತೇನೆ, ದೊಡ್ಡ ಸ್ಟಾರ್ ಸಿನಿಮಾದ ಮೊದಲ ಮೂರು ದಿನ ಯಾವ ಟಾಕೀಸಾದರೂ ತುಂಬುತ್ತದೆ. ನಿಮ್ಮದು ಉಳಿಯುತ್ತಾ ಅನ್ನೋದು ಗೊತ್ತಾಗೋದು ಮಂಗಳವಾರದ ಮ್ಯಾಟ್ನಿಯಲ್ಲಿ. ಅವತ್ತು ನಲವತ್ತು ಜನ ಬಂದರೆ ಆ ಶೋನ ಕರೆಂಟು ಬಿಲ್ಲು, ಆಪರೇಟರ್ ಮತ್ತು ಗೇಟ್ ಕೀಪರ್ ಸಂಬಳ ಹುಟ್ಟಬೇಕು. ಈ ಲೆಕ್ಕ ಹಾಳೆ ಮೇಲೆ ಬರೆಯದೆ ಒಂದು ರೂಪಾಯಿನೂ ಸಾಲ ಮಾಡಬೇಡಿ.

ಮುಂಬೈನ ಮರಾಠಾ ಮಂದಿರ್ ಗೊತ್ತಲ್ವಾ? 1958ರ ಟಾಕೀಸು. 1995ರ ಅಕ್ಟೋಬರ್‌ನಲ್ಲಿ ಹಾಕಿದ ಒಂದೇ ಹಿಂದಿ ಸಿನಿಮಾವನ್ನು ವರ್ಷಗಟ್ಟಲೆ ಬೆಳಗಿನ ಹೊತ್ತು ಓಡಿಸುತ್ತಾ ಬಂದಿದೆ. ಸಿನಿಮಾ ಜನಕ್ಕೆ ಇಷ್ಟ ಅನ್ನೋದು ನಿಜ. ಆದರೆ ಪಕ್ಕದಲ್ಲೇ ಮುಂಬೈ ಸೆಂಟ್ರಲ್ ರೈಲು ನಿಲ್ದಾಣ, ಬಸ್ ನಿಲ್ದಾಣ ಇವೆ. ರೈಲಿಗೆ ಮೂರು ಗಂಟೆ ಟೈಮಿದ್ದವರು ಕಡಿಮೆ ದುಡ್ಡಿನ ಟಿಕೆಟ್ ತಗೊಂಡು ಬಂದು ಕೂರುತ್ತಾರೆ. ನಿಮ್ಮ ಟಾಕೀಸೂ ಬಸ್ ಸ್ಟ್ಯಾಂಡ್ ಹತ್ತಿರವೇ ಇದೆ. ಟಿಕೆಟ್ ನೂರು ರೂಪಾಯಿ ದಾಟಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ನೂರರವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅದಕ್ಕಿಂತ ಮೇಲಾದರೆ ಶೇ 18 ಹಾಗೇ ಇದೆ. ನಮ್ಮಂಥ ಟಾಕೀಸಿಗೆ ಇದು ದೊಡ್ಡ ಅನುಕೂಲ.

ಈಗ ಕೆಲಸದ ಮಾತು. ಮೊದಲು ಬೀರುವಿನಿಂದ ಹಳೇ ಲೈಸೆನ್ಸ್ ಫೈಲ್ ಹುಡುಕಿ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಇಷ್ಟು ವರ್ಷ ಮುಚ್ಚಿದ ಕಟ್ಟಡ ಅಂದಮೇಲೆ ಕಟ್ಟಡದ ಗಟ್ಟಿತನ, ವಿದ್ಯುತ್, ಅಗ್ನಿಶಾಮಕ ಎಲ್ಲವನ್ನೂ ಹೊಸದಾಗಿ ಪರೀಕ್ಷೆ ಮಾಡಿಸಬೇಕಾಗುತ್ತದೆ. ಇದನ್ನು ಸುಮ್ನೆ ಕಾಗದದ ಕಿರಿಕಿರಿ ಅಂದುಕೊಳ್ಳಬೇಡಿ. ದೆಹಲಿಯ ಉಪಹಾರ್ ಟಾಕೀಸಿನಲ್ಲಿ 1997ರ ಜೂನ್ 13ರಂದು 59 ಜನ ಸತ್ತರು. ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿತ್ತು, ಹೊಗೆ ಬಾಲ್ಕನಿಗೆ ಏರಿತು, ಅಲ್ಲಿ ಜಾಸ್ತಿ ಸೀಟು ಹಾಕಿ ಹೊರಗೆ ಹೋಗುವ ದಾರಿ ಮುಚ್ಚಿದ್ದರು. ನಿಮ್ಮ ಬಾಲ್ಕನಿಯ ಎಲ್ಲ ಬಾಗಿಲನ್ನೂ ನೀವೇ ಕೈಯಾರೆ ತಳ್ಳಿ ನೋಡಿ. ಹೊರಕ್ಕೆ ತೆರೆಯಬೇಕು, ಶೋ ನಡೆಯುವಾಗ ಬೀಗ ಇರಕೂಡದು.

ಆಮೇಲೆ ಖಾಲಿ ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಸದ್ದು ಗೋಡೆಗೆ ಬಡಿದು ತಿರುಗಿ ಬಂತಾ? ಹಾಗಿದ್ದರೆ ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಮಾತು ಕಲಸಿಹೋಗುತ್ತದೆ. ಮೊದಲು ಹಿಂದಿನ ಗೋಡೆಗೆ ಸದ್ದು ಹೀರುವ ಹಲಗೆ, ದಪ್ಪ ಬಟ್ಟೆ ಹಾಕಿಸಿ. ಮೇಲೆ ಕಲ್ನಾರು ಶೀಟ್ ಇದ್ದರೆ ಹುಡುಗರನ್ನು ಹತ್ತಿಸಿ ಒಡೆಸಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ, ಗೊತ್ತಿರುವವರಿಂದಲೇ ತೆಗೆಸಿ.

ಸೀಟು ಮುನ್ನೂರು ಸಾಕು. ಕಾಲು ಚಾಚೋಕೆ ಜಾಗ ಬಿಡಿ. ಆದರೆ ಸೀಟಿನ ಸಂಖ್ಯೆ, ಸಾಲು ಬದಲಿಸುವ ಮೊದಲೇ ನಕ್ಷೆಗೆ ಒಪ್ಪಿಗೆ ತಗೊಳ್ಳಿ.

ಇನ್ನೊಂದು, ಹೆಂಗಸರ ಟಾಯ್ಲೆಟ್. ನಮ್ಮಲ್ಲಿ ಅದರ ಬಾಗಿಲಿಗೆ ವರ್ಷಗಟ್ಟಲೆ ಚಿಲಕ ಇರಲಿಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಒಬ್ಬ ತಾಯಿ ಕಿಂಡಿಗೆ ಬಂದು ಹೇಳೋವರೆಗೂ ನನಗೆ ಗೊತ್ತೇ ಇರಲಿಲ್ಲ. ಚಿಲಕ, ಲೈಟು, ನಲ್ಲಿ ಹಾಕಿಸಿ, ನೋಡಿಕೊಳ್ಳಲು ಒಬ್ಬರನ್ನು ಇಟ್ಟೆವು. ನಿಧಾನಕ್ಕೆ ಮ್ಯಾಟ್ನಿಗೆ ಸಂಸಾರಗಳು ಬರಲು ಶುರುವಾದವು. ಹಾಗಾಗಿ ಪ್ರೊಜೆಕ್ಟರ್‌ಗಿಂತ ಮೊದಲು ಇದಕ್ಕೆ ದುಡ್ಡು ಇಡಿ.

ಪ್ರೊಜೆಕ್ಟರನ್ನು ಕೊಳ್ಳಲೇಬೇಕಿಲ್ಲ, ಡಿಜಿಟಲ್ ಕಂಪನಿಗಳು ಬಾಡಿಗೆಗೂ ಕೊಡುತ್ತವೆ. ಒಪ್ಪಂದದಲ್ಲಿ ಜಾಹೀರಾತಿನ ಹಣ ಯಾರಿಗೆ, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಬರುತ್ತಾರೆ ಅನ್ನೋದನ್ನು ಓದಿಯೇ ಸಹಿ ಹಾಕಿ.

ಬೆಂಗಳೂರಿನ ಬ್ರಿಗೇಡ್ ರಸ್ತೆಯ ರೆಕ್ಸ್ ಟಾಕೀಸು 2018ರ ಕೊನೇ ದಿನ ಮುಚ್ಚಿತು. ಅಂಥ ಜಾಗದಲ್ಲಿ ನೆಲದ ಬೆಲೆಯ ಮುಂದೆ ಟಿಕೆಟ್ ದುಡ್ಡು ನಿಲ್ಲುವುದು ಕಷ್ಟ. ತಾಲ್ಲೂಕಿನಲ್ಲಿ ಆ ಒತ್ತಡ ಕಡಿಮೆ. ಅಣ್ಣಂದಿರಿಗೂ ಇದನ್ನೇ ಹೇಳಿ, ಎರಡು ವರ್ಷ ಟೈಮ್ ಕೊಡಿ ಅಂತ ಕೇಳಿಕೊಳ್ಳಿ.

ಪ್ರಶ್ನೆ: ವಿತರಕರಿಂದ ವಾರದ ಬಾಡಿಗೆ ತಗೊಳ್ಳೋದಾ, ಕಲೆಕ್ಷನ್‌ನಲ್ಲಿ ಪಾಲಾ?

ಉತ್ತರ: ಬಾಡಿಗೆ ಸಿಕ್ಕರೆ ನಿಮಗೆ ನಿಶ್ಚಿಂತೆ. ಆದರೆ ಸಣ್ಣ ಸಿನಿಮಾದವರಿಗೆ ಬಾಡಿಗೆ ಕಟ್ಟೋಕೆ ಆಗಲ್ಲ, ಅವರೊಂದಿಗೆ ಪಾಲಿಗೇ ಒಪ್ಪಿ. ನಿಮಗೆ ಮಂಗಳವಾರ ತುಂಬಿಸುವ ಸಿನಿಮಾ ಅಲ್ಲಿಂದಲೂ ಬರುತ್ತದೆ. ದಿನದ ಕಲೆಕ್ಷನ್ ರಿಪೋರ್ಟ್ ಅದೇ ರಾತ್ರಿ ಕಳಿಸಿ, ಒಂದು ಟಿಕೆಟ್ ಕೂಡ ಮುಚ್ಚಿಡಬೇಡಿ.

ಪ್ರಶ್ನೆ: ಕ್ಯಾಬಿನ್‌ನಲ್ಲಿ ಎರಡು ಹಳೇ ರೀಲ್ ಮಷೀನು, ಕೆಲವು ಡಬ್ಬ ರೀಲು ಇವೆ. ಗುಜರಿಗೆ ಹಾಕಲಾ?

ಉತ್ತರ: ದಯವಿಟ್ಟು ಬೇಡ. 35 ಎಂಎಂನ ಎರಡು ಸಾವಿರ ಅಡಿ ರೀಲು ಓಡುತ್ತಿದ್ದುದು ಸುಮಾರು ಇಪ್ಪತ್ತು ನಿಮಿಷ, ಅದಕ್ಕೇ ಎರಡು ಮಷೀನು. ಪರದೆಯ ಬಲಗಡೆ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚಿದರೆ ಆಪರೇಟರ್ ಎರಡನೇದರ ಮೋಟಾರ್ ಹಾಕಬೇಕು, ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ, ಆಗ ಬದಲಾವಣೆ. ಕೂತವರಿಗೆ ಗೊತ್ತೇ ಆಗಬಾರದು. ಅಂಥ ಮಷೀನನ್ನು ಒರೆಸಿ ಲಾಬಿಯಲ್ಲಿಡಿ, ಹಳೇ ಆಪರೇಟರ್ ಊರಲ್ಲಿದ್ದರೆ ಮಕ್ಕಳಿಗೆ ತೋರಿಸಲು ಕರೆಯಿರಿ.

ಡಬ್ಬ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಹಾಳಾಗುತ್ತಿದೆ ಅಂತ ಅರ್ಥ. 1950ಕ್ಕಿಂತ ಹಿಂದಿನದಾದರೆ ಅದು ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಇರಬಹುದು. ಓಡಿಸಿ ನೋಡಬೇಡಿ. ಡಬ್ಬದ ಮೇಲಿನ ಚೀಟಿಯ ಫೋಟೋ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ಅವರ ಉತ್ತರ ಬರೋವರೆಗೂ ತಂಪಾದ, ಗಾಳಿಯಾಡುವ ಕೋಣೆಯಲ್ಲಿಡಿ. ಅಡುಗೆ ಒಲೆ ಇರುವ ಕ್ಯಾಂಟೀನ್ ಪಕ್ಕ ಮಾತ್ರ ಬೇಡ.