ಹೊಸ ಊರಿನಲ್ಲಿ ಮಗ ಒಬ್ಬನೇ ಹಾಲು ತರಬಲ್ಲನೇ?

ಪ್ರಶ್ನೆ: ನಮ್ಮದು ಸಿಂಧನೂರು. ಮಗನಿಗೆ 13 ವರ್ಷ, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ, ಕಲಿಕೆ ನಿಧಾನ. ಸ್ನಾನ ತಾನೇ ಮಾಡುತ್ತಾನೆ, ಓಣಿಯ ಕಿರಾಣಿ ಅಂಗಡಿಗೆ ಒಬ್ಬನೇ ಹೋಗಿ ಹಾಲಿನ ಪ್ಯಾಕೆಟ್ ತರುತ್ತಾನೆ. ಈಗ ನಮ್ಮ ಮನೆಯವರಿಗೆ ಬಳ್ಳಾರಿಗೆ ವರ್ಗವಾಗಿದೆ, ಮೇ ಕೊನೆಗೆ ಹೊರಡಬೇಕು. ಅಲ್ಲಿ ಪರಿಚಯದವರು ಒಬ್ಬರೂ ಇಲ್ಲ. ಜೊತೆಗೆ ಬರುವ ಅತ್ತೆಯವರು ‘ಪಾಪ, ಅದಕ್ಕೇಕೆ ಕಷ್ಟ’ ಎಂದು ಈಗಲೂ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತುತ್ತು ಮಾಡಿ ಬಾಯಿಗಿಡುತ್ತಾರೆ. ಒಂದೆರಡು ವರ್ಷ ಅವನನ್ನು ಮನೆಯಲ್ಲೇ ಜೋಪಾನ ಮಾಡುವುದು ಒಳ್ಳೆಯದೇ? ಕಲಿತದ್ದನ್ನೆಲ್ಲ ಮರೆತರೆ ಏನು ಮಾಡಲಿ?

ಉತ್ತರ: ಬೇಡ ತಾಯಿ, ಆ ಒಂದೆರಡು ವರ್ಷದ ಮಾತು ಬೇಡ. ಜೋಪಾನವೆಂದು ಹಾಕಿದ ಚಿಲಕ ಆಮೇಲೆ ತೆಗೆಯಲು ಬಾರದೆ ತುಕ್ಕು ಹಿಡಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆದರೆ ನಿಮ್ಮ ಭಯ ಸುಳ್ಳಲ್ಲ. ಇಂಥ ಮಕ್ಕಳು ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ತಾವಾಗಿ ಒಯ್ಯುವುದು ಕಷ್ಟ. ನಿಮ್ಮ ಮಗ ಹಾಲು ತರುತ್ತಿದ್ದುದರಲ್ಲಿ ಅವನ ಪಾಲು ಅರ್ಧ. ಉಳಿದರ್ಧ ಅವನ ಮುಖ ನೋಡಿದ ಕೂಡಲೇ ಪ್ಯಾಕೆಟ್ ತೆಗೆದಿಡುವ ಅಂಗಡಿಯವರದು, ಕಟ್ಟೆಯ ಮೇಲೆ ಕೂತು ‘ಎಲ್ಲಿಗೆ ಹೊಂಟೀ’ ಎಂದು ಕೇಳುವ ಹಿರಿಯರದು. ಆ ಅರ್ಧ ಲಾರಿಯಲ್ಲಿ ಬರುವುದಿಲ್ಲ. ಅದನ್ನು ಬಳ್ಳಾರಿಯಲ್ಲಿ ಮತ್ತೆ ಕಟ್ಟಬೇಕು, ಅದೂ ಪಾತ್ರೆಗಳ ಗಂಟು ಬಿಚ್ಚುವ ವಾರದಲ್ಲೇ.

ಹೊರಡುವ ಮೊದಲು ಒಂದು ಭಾನುವಾರ ಸಿರುಗುಪ್ಪ ಮಾರ್ಗದ ಬಸ್ಸಿನಲ್ಲಿ ಅವನನ್ನು ಕರೆದುಕೊಂಡು ಹೋಗಿ ಮನೆ ತೋರಿಸಿ. ಈ ಮಕ್ಕಳಿಗೆ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ. ತುಂಗಭದ್ರೆಯ ಸೇತುವೆ, ಹೊಸ ಮನೆಯ ಗೇಟು, ಅವನು ಮಲಗುವ ಮೂಲೆ, ಅಂಗಡಿ, ತಿರುವಿನಲ್ಲಿರುವ ಟ್ರಾನ್ಸ್‌ಫಾರ್ಮರ್ ಇವುಗಳ ಫೋಟೊಗಳನ್ನು ಅವನಿಂದಲೇ ಮೊಬೈಲಿನಲ್ಲಿ ತೆಗೆಸಿ, ಮುದ್ರಿಸಿ, ಸಿಂಧನೂರಿನ ಗೋಡೆಗೆ ಅಂಟಿಸಿ. ಹೊಸ ಬಡಾವಣೆಯ ಗೇಟುಗಳು ದೊಡ್ಡವರಿಗೂ ಗುರುತು ಸಿಗುವುದಿಲ್ಲ. ಅವನಿಗೆ ಇಷ್ಟವಾದ ಬಣ್ಣದ ಒಂದು ಪಟ್ಟಿಯನ್ನು ನಿಮ್ಮ ಗೇಟಿಗೆ ಬಳಿಯಿರಿ. ಮನೆಯ ಮಾಲೀಕರು ಮುಖ ಗಂಟಿಕ್ಕಿದರೆ ರಿಬ್ಬನ್ನಾದರೂ ಸಾಕು.

ಅಂಗಡಿಯ ದಾರಿಯನ್ನು ಕೊನೆಯಿಂದ ಕಲಿಸಿ. ಮೊದಲ ಕೆಲವು ದಿನ ಅಂಗಡಿಗೆ ಹತ್ತು ಹೆಜ್ಜೆ ಇರುವವರೆಗೆ ಜೊತೆಗೆ ಹೋಗಿ ನಿಂತುಬಿಡಿ. ಆ ಹತ್ತು ಹೆಜ್ಜೆ, ಹಾಲು ಕೇಳುವುದು, ಚಿಲ್ಲರೆ ಪಡೆಯುವುದು ಅವನದು. ಅದು ಸಲೀಸಾದ ಮೇಲೆ ನೀವು ನಿಲ್ಲುವುದು ಬೇವಿನ ಮರದ ಬಳಿ, ಆಮೇಲೆ ತಿರುವಿನಲ್ಲಿ, ಕೊನೆಗೆ ನಿಮ್ಮ ಹೊಸ್ತಿಲಲ್ಲಿ. ಹೀಗೆ ಮಾಡಿದರೆ ಪ್ರತಿದಿನವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಬಳ್ಳಾರಿಯ ಬಿಸಿಲಿನ ಬಗ್ಗೆ ಸಿಂಧನೂರಿನವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಆರು ಗಂಟೆಗೇ ಹೊರಡಿ, ಆಗ ವಾಹನಗಳೂ ಕಡಿಮೆ.

ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ: ‘ಅಣ್ಣಾ, ನನ್ನ ಮಗ ಬರುತ್ತಾನೆ. ಮಾತು ನಿಧಾನ. ನನ್ನನ್ನು ಕೇಳಬೇಡಿ, ಅವನನ್ನೇ ಕೇಳಿ.’ ಬಳ್ಳಾರಿಯ ಕೆಲವು ಓಣಿಗಳಲ್ಲಿ ತೆಲುಗು, ಉರ್ದು ಕನ್ನಡದಷ್ಟೇ ಕೇಳಿಸುತ್ತವೆ. ಅವನು ಗಲಿಬಿಲಿಗೊಂಡರೆ ಖಾಲಿ ಪ್ಯಾಕೆಟ್ ತೋರಿಸಿ ಕೇಳುವುದನ್ನು ಕಲಿಸಿ. ನಿಮ್ಮ ಫೋನ್ ನಂಬರ್ ಬರೆದ ಚೀಟಿ ಅಂಗಿಯ ಒಳಜೇಬಿನಲ್ಲಿರಲಿ. ಯಾರಿಗೆ ತೋರಿಸಬಹುದು, ಯಾರ ಗಾಡಿ ಹತ್ತಬಾರದು ಎಂಬುದನ್ನು ಆಟದಂತೆ ಅಭ್ಯಾಸ ಮಾಡಿಸಿ. ಹದಿಮೂರರ ಹುಡುಗ, ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುವುದನ್ನೂ ಮೈ ಮುಟ್ಟುವವರಿಗೆ ‘ಬೇಡ’ ಎನ್ನುವುದನ್ನೂ ಈಗಲೇ ಕಲಿಯಬೇಕು.

ಹೋದ ಮೇಲೆ ಅವನು ಕೆಲವು ವಾರ ಮಂಕಾಗಬಹುದು, ಬಂದ ಕೆಲಸವನ್ನೂ ಬಿಡಬಹುದು. ಗದರಬೇಡಿ. ಆದರೆ ಅದು ಎಳೆಯುತ್ತಲೇ ಹೋದರೆ ಎಲ್ಲವನ್ನೂ ಊರು ಬಿಟ್ಟ ಬೇಸರದ ತಲೆಗೆ ಕಟ್ಟಬೇಡಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಮತ್ತು ಕಿವಿಯ ತೊಂದರೆ ಹೆಚ್ಚು, ಎರಡನ್ನೂ ಪರೀಕ್ಷಿಸಿ.

ಇನ್ನು ಕಾಗದಪತ್ರ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ದೇಶದಾದ್ಯಂತ ನಡೆಯುತ್ತದೆ, ವಿಳಾಸ ಮಾತ್ರ ಬದಲಿಸಿಕೊಳ್ಳಿ. ರಿಯಾಯಿತಿ ಬಸ್ ಪಾಸ್ ಇದ್ದರೆ ಅದನ್ನೂ ಹೊಸ ವಿಳಾಸಕ್ಕೆ ಮಾಡಿಸಿ, ಏಕೆಂದರೆ ಆ ಪಾಸ್ ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ದೂರದವರೆಗೆ ಮಾತ್ರ. ಶಾಲೆಯವರು ‘ಇಲ್ಲಿ ಆಗುವುದಿಲ್ಲ’ ಎಂದರೆ ಹಿಂದೆ ಸರಿಯಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಆಯ್ಕೆ ನಿಮ್ಮದು. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ‘ಬಿಐಇಆರ್‌ಟಿ ಶಿಕ್ಷಕರು ಯಾರು’ ಎಂದು ಕೇಳಿ, ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವವರು ಅವರೇ.

ಅತ್ತೆಯವರ ಜೊತೆ ಜಗಳವಾಡಬೇಡಿ, ಕೆಲಸ ಹಂಚಿಕೊಡಿ. ಊರು ಬಿಟ್ಟು ಬರುವ ಸಂಕಟ ಅವರಿಗೂ ಇದೆ, ತುತ್ತು ಕೊಡುವ ಕೈಗೆ ಬೇರೇನಾದರೂ ಬೇಕು. ರೊಟ್ಟಿ ಮುರಿದು ತಟ್ಟೆಗೆ ಹಾಕುವುದು ಅವರದು, ಸಾರಿನಲ್ಲಿ ಅದ್ದಿ ತಿನ್ನುವುದು ಮೊಮ್ಮಗನದು. ಅವನು ತಂದ ಚಿಲ್ಲರೆಯನ್ನು ಎಣಿಸಿ ತೆಗೆದುಕೊಳ್ಳುವ ಖಜಾಂಚಿಯೂ ಅವರೇ ಆಗಲಿ. ಮೊದಲ ದಿನ ಅವನು ಹಾಲಿನ ಬದಲು ಮಜ್ಜಿಗೆ ಪ್ಯಾಕೆಟ್ ತಂದರೆ ಬದಲಾಯಿಸಿಕೊಂಡು ಬರಲು ಇಬ್ಬರಲ್ಲಿ ಯಾರೂ ಓಡಬೇಡಿ. ಅವನನ್ನೇ ಕಳುಹಿಸಿ.