ರೂಪ ಬದಲಿಸುವವರ, ಅಂದರೆ ತೋಳವಾಗಿ ಮಾರ್ಪಡುವಂಥ ಮನುಷ್ಯರ ಪ್ರೇಮಕಥೆಗಳು ಹೆಚ್ಚಾಗಿ ಸಣ್ಣ ಊರಲ್ಲೇ ನಡೆಯುವುದೇಕೆ?

ಗುಟ್ಟಿಗೆ ಬೆಲೆ ಬರುವುದು ಅಲ್ಲೇ, ಅದಕ್ಕೆ. ಮಹಾನಗರದಲ್ಲಿ ಪಕ್ಕದ ಮನೆಯವನು ಹುಣ್ಣಿಮೆ ರಾತ್ರಿ ಎಲ್ಲಿಗೆ ಹೋದ ಅಂತ ಯಾರೂ ಕೇಳುವುದಿಲ್ಲ. ಸಣ್ಣ ಊರಲ್ಲಿ ಹಾಗಲ್ಲ. ಕೆಸರಿನಲ್ಲಿ ತೋಳದ ಹೆಜ್ಜೆ ಶುರುವಾಗಿ, ಹಿತ್ತಲ ಬಾಗಿಲ ಹತ್ತಿರ ಬರಿಗಾಲಿನ ಹೆಜ್ಜೆಯಾಗಿ ಮುಗಿದರೆ, ಅದನ್ನು ಯಾರೋ ಒಬ್ಬರು ನೋಡಿಯೇ ನೋಡುತ್ತಾರೆ. ನೋಡಿದವಳು ನಾಯಕಿಯೇ ಆದರೆ ಅರ್ಧ ಕಥೆ ಆದಂತೆ. ಕಾಡು ಹತ್ತಿರ ಇರುವುದೂ ಅನುಕೂಲ, ಬಿಡಿ.

ಇನ್ನೊಂದು ಕಾರಣ ಗುಂಪು: ಈ ಕಥೆಗಳ ತೋಳಮನುಷ್ಯರು ಗುಂಪು ಕಟ್ಟಿಕೊಂಡು ಬದುಕುತ್ತಾರೆ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಊರು ಅದಕ್ಕೆ ಒಗ್ಗುತ್ತದೆ. ಗುಂಪಿಗೊಬ್ಬ 'ಆಲ್ಫಾ' ಅಂದರೆ ನಾಯಕ, ಅವನು ಕಾದಾಡಿ ಗೆದ್ದವನು ಎಂಬ ಕಲ್ಪನೆಯ ಬೇರು ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಆತ ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು. ಕಾಡಿನ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರವಷ್ಟೇ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ವಿವರಿಸಿದರು. ಕಥೆಗಳು ಮಾತ್ರ ಇನ್ನೂ ಹಳೆಯ ಆಲ್ಫಾನನ್ನೇ ಹಿಡಿದುಕೊಂಡಿವೆ.

ನನಗೆ ಕೇಳಿದರೆ ಸಂಸಾರದ ತೋಳವೇ ಪ್ರೇಮಕಥೆಗೆ ಹೆಚ್ಚು ಒದಗುತ್ತದೆ. ಬೆಳೆದ ಮರಿಗಳು ಸಾಮಾನ್ಯವಾಗಿ ಹುಟ್ಟಿದ ಗುಂಪು ಬಿಟ್ಟು, ಜೊತೆ ಹುಡುಕಿಕೊಂಡು ದೂರ ಹೋಗುತ್ತವೆ. ಊರಿಗೆ ಹೊಸದಾಗಿ ಬಂದ ಅಪರಿಚಿತ ಅಂದರೆ ಅದೇ ತಾನೆ? 'ವಿಧಿಯೇ ಬರೆದ ಜೋಡಿ' ಎಂಬ ಸೂತ್ರವನ್ನು ಮಾತ್ರ ಹುಷಾರಾಗಿ ಬಳಸಬೇಕು: ಒಲ್ಲೆ ಅನ್ನುವ ದಾರಿ ನಾಯಕಿಗಿಲ್ಲದಿದ್ದರೆ ಅವಳ ಒಪ್ಪಿಗೆಯಲ್ಲಿ ಓದುಗರಿಗೆ ಸ್ವಾರಸ್ಯವೇ ಉಳಿಯುವುದಿಲ್ಲ.